ಕಾಡು ನೋಡಿಕೊಳ್ಳುವವರ ಕೈಗೆ ಏನು ಕೊಡಬೇಕು?

2025ರ ಆಗಸ್ಟ್ ಕೊನೆಯಲ್ಲಿ ಕೀನ್ಯಾದ ರಾಜಧಾನಿ ನೈರೋಬಿಯಲ್ಲಿ ಒಂದು ಗೇಟಿನ ವಿಷಯಕ್ಕೆ ದೊಡ್ಡ ಗಲಾಟೆ ಶುರುವಾಯಿತು. ಅದು ಕರೂರಾ ಕಾಡಿನ ಗೇಟು. ಸುಮಾರು 1,000 ಹೆಕ್ಟೇರಿನ ಈ ಕಾಡು ಇರುವುದು ನಗರದ ಒಳಗೇ. ಒಳಗೆ ಹೋಗುವವರು ಕೊಡುವ ಟಿಕೆಟ್ ದುಡ್ಡು ಇನ್ನು ಮೇಲೆ ನೇರವಾಗಿ ಸರ್ಕಾರದ ಆನ್‌ಲೈನ್ ಖಾತೆಗೆ ಬರಬೇಕು ಎಂದು ಅಲ್ಲಿನ ಅರಣ್ಯ ಇಲಾಖೆ ಹೇಳಿತು. ಅಲ್ಲಿಯವರೆಗೆ ಇಲಾಖೆಯ ಜೊತೆ ಸೇರಿ ಆ ದುಡ್ಡಿನಲ್ಲಿ ಕಾಡಿನ ಕೆಲಸ ಮಾಡಿಸುತ್ತಿದ್ದದ್ದು 'ಫ್ರೆಂಡ್ಸ್ ಆಫ್ ಕರೂರಾ ಫಾರೆಸ್ಟ್' ಎಂಬ ಜನರ ಸಂಘ. ಜನ ಸಿಟ್ಟಾದರು. ವಿಷಯ ಕೋರ್ಟ್ ಮೆಟ್ಟಿಲೇರಿತು.

ಮೇಲ್ನೋಟಕ್ಕೆ ಇದು ದುಡ್ಡಿನ ಜಗಳ. ಆದರೆ ಜಗತ್ತಿನ ಎಷ್ಟೋ ನಗರಗಳ ಕಾಡುಗಳಲ್ಲಿ ಇವತ್ತು ಇರುವ ಪ್ರಶ್ನೆಯೇ ಇಲ್ಲೂ ಇದೆ. ಕಾಡು ಕಾಗದದ ಮೇಲೆ ಸರ್ಕಾರದ್ದು. ಕಳೆ ಕೀಳುವವರು, ಕಾವಲು ಕಾಯುವವರು, ದಾರಿ ಸರಿ ಮಾಡುವವರು ಸುತ್ತಲಿನ ಜನ. ಹಾಗಿದ್ದ ಮೇಲೆ ಅದರ ಬಗ್ಗೆ ತೀರ್ಮಾನ ಮಾಡುವಾಗ ಅವರ ಮಾತಿಗೆ ಎಷ್ಟು ಬೆಲೆ? ಜನರನ್ನು ಶ್ರಮದಾನಕ್ಕೆ ಕರೆಯುವುದು ಸುಲಭ. ತೀರ್ಮಾನಕ್ಕೆ ಕರೆಯುವುದು ಕಷ್ಟ. ಆ ಕಷ್ಟದ ಕೆಲಸ ಮಾಡದೆ ಸುಲಭದ್ದಷ್ಟನ್ನೇ ಮಾಡಿದರೆ ಕಾಡು ಉಳಿಯುವುದಿಲ್ಲ ಎಂದು ನನಗೆ ಬಲವಾಗಿ ಅನಿಸುತ್ತದೆ.

ಕರೂರಾದ ಹಿಂದಿನ ಕಥೆ ಗೊತ್ತಿದ್ದರೆ ಜನರ ಸಿಟ್ಟು ಅರ್ಥವಾಗುತ್ತದೆ. 1932ರಲ್ಲೇ ಮೀಸಲು ಅರಣ್ಯವಾದ ಜಾಗ ಅದು. 1990ರ ದಶಕದಲ್ಲಿ ಅದರ ದೊಡ್ಡ ದೊಡ್ಡ ತುಂಡುಗಳು ಖಾಸಗಿಯವರ ಪಾಲಾಗತೊಡಗಿದವು. ಕೀನ್ಯಾದ ಪರಿಸರ ಹೋರಾಟಗಾರ್ತಿ ವಂಗಾರಿ ಮಾಥಾಯ್ ಇದರ ವಿರುದ್ಧ ನಿಂತರು. 1999ರ ಜನವರಿಯಲ್ಲಿ ಅವರು ಜೊತೆಗಾರರನ್ನು ಕರೆದುಕೊಂಡು ಅಲ್ಲಿ ಸಸಿ ನೆಡಲು ಹೋದಾಗ ಬಾಡಿಗೆ ಗೂಂಡಾಗಳು ಹಲ್ಲೆ ಮಾಡಿದರು. ಮಾಥಾಯ್ ಅವರ ತಲೆ ಒಡೆಯಿತು. ಪೊಲೀಸ್ ಠಾಣೆಗೆ ಹೋಗಿ ದೂರು ಕೊಟ್ಟು, ಅದಕ್ಕೆ ತಮ್ಮ ರಕ್ತದಿಂದಲೇ ಸಹಿ ಹಾಕಿದರು. 2004ರಲ್ಲಿ ಅವರಿಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು.

ಸಾಮಾನ್ಯವಾಗಿ ಕಥೆಯನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ನನಗೆ ಮುಖ್ಯ ಅನಿಸುವುದು ಆಮೇಲಿನದು. ಕಬಳಿಕೆ ನಿಂತಿತು, ಆದರೆ ಕಾಡು ಜನರದ್ದಾಗಲಿಲ್ಲ. ಒಳಗೆ ಕಾಲಿಡಲು ಜನ ಹೆದರುತ್ತಿದ್ದರು. ದರೋಡೆ ನಡೆಯುತ್ತಿತ್ತು, ಮರ ಕಡಿದು ಸಾಗಿಸುತ್ತಿದ್ದರು. ಉಳಿಸಿಕೊಂಡ ಕಾಡು ವರ್ಷಗಟ್ಟಲೆ ಹಾಗೇ ಬಿದ್ದಿತ್ತು. 2005ರಲ್ಲಿ ಕೀನ್ಯಾದಲ್ಲಿ ಹೊಸ ಅರಣ್ಯ ಕಾಯ್ದೆ ಬಂತು. ಊರಿನವರು ಸಂಘ ಕಟ್ಟಿಕೊಂಡು ಇಲಾಖೆಯ ಜೊತೆ ಕಾಡು ನೋಡಿಕೊಳ್ಳಬಹುದು ಎಂದು ಅದು ಹೇಳಿತು. 2009ರಲ್ಲಿ ಸಂಘ ಶುರುವಾಯಿತು. ಸುತ್ತ ಬೇಲಿ ಬಂತು. ಪಕ್ಕದ ಬಡ ಬಡಾವಣೆಗಳ ಯುವಕರನ್ನೇ ಕಾವಲಿಗೆ ತೆಗೆದುಕೊಂಡರು. ನೀಲಗಿರಿ ನೆಟ್ಟಿದ್ದ ಕಡೆ ಅದನ್ನು ತೆಗೆದು ಆ ನೆಲದ್ದೇ ಮರಗಳನ್ನು ಬೆಳೆಸಲು ಹೊರಟರು. ಕೊಲೊಬಸ್ ಕೋತಿಗಳನ್ನು ಬೇರೆ ಕಡೆಯಿಂದ ತಂದು ಬಿಟ್ಟರು. ಈಗ ಹೆಂಗಸರು ಒಬ್ಬೊಬ್ಬರೇ ಅಲ್ಲಿ ಓಡಲು ಹೋಗುತ್ತಾರೆ, ಮಕ್ಕಳು ಸೈಕಲ್ ತುಳಿಯುತ್ತಾರೆ.

ಹೋರಾಟಕ್ಕೆ ಧೈರ್ಯ ಬೇಕು. ನೋಡಿಕೊಳ್ಳುವುದಕ್ಕೆ ಬೇಕಾದ್ದು ತಾಳ್ಮೆ, ಲೆಕ್ಕ, ದಿನದಿನದ ಹಾಜರಿ. ಎರಡೂ ಬೇರೆ ಬೇರೆ ಕೆಲಸ. ಹೋರಾಡಿ ಗೆದ್ದ ಎಷ್ಟೋ ಕಡೆ ಎರಡನೆಯದಕ್ಕೆ ಜನ ಸಿಗದೆ ಕಾಡು ಸೊರಗುತ್ತದೆ.

ಕೊಡಲಿ ಬೀಳದಿದ್ದರೂ ಕಾಡು ಹೇಗೆ ಸಾಯುತ್ತದೆ? ಅಮೆರಿಕದ ಪೋರ್ಟ್‌ಲ್ಯಾಂಡ್ ನಗರದ ಫಾರೆಸ್ಟ್ ಪಾರ್ಕ್ ನೋಡಿ. 1948ರಲ್ಲಿ ಶುರುವಾದ ಉದ್ಯಾನ. 5,000 ಎಕರೆಗಿಂತ ಜಾಸ್ತಿ ಕಾಡು, ನಗರಕ್ಕೆ ತಾಗಿಕೊಂಡೇ ಇದೆ. ಅದಕ್ಕೆ ಬಂದ ದೊಡ್ಡ ಕಂಟಕ ಇಂಗ್ಲಿಷ್ ಐವಿ ಎಂಬ ಬಳ್ಳಿ. ಮನೆ ಅಂಗಳದ ಅಂದಕ್ಕೆ ಎಂದು ತಂದು ನೆಟ್ಟದ್ದು. ಅಂಗಳ ದಾಟಿ ಕಾಡು ಹೊಕ್ಕಿತು. ನೆಲದ ಮೇಲೆ ಹಬ್ಬಿದಾಗ ಕೆಳಗೆ ಬೇರೇನೂ ಮೊಳೆಯಲು ಬಿಡುವುದಿಲ್ಲ. ಮರ ಏರಿದ ಮೇಲೆ ಹೂ ಬಿಟ್ಟು ಹಣ್ಣಾಗುತ್ತದೆ. ಹಕ್ಕಿ ಹಣ್ಣು ತಿಂದು ಬೀಜವನ್ನು ಇನ್ನೊಂದು ಕಡೆ ಹಾಕುತ್ತದೆ. ಭಾರ ತಾಳದೆ ಗಾಳಿಮಳೆಗೆ ಮರ ಉರುಳುತ್ತದೆ. ದೂರದಿಂದ ನೋಡುವವರಿಗೆ ಎಲ್ಲಾ ಹಸಿರಾಗೇ ಕಾಣುತ್ತದೆ. ಅದಕ್ಕೇ ಇದು ಅಪಾಯ. ಹಸಿರು ಕಂಡರೆ ಕಾಡು ಚೆನ್ನಾಗಿದೆ ಅಂದುಕೊಳ್ಳುತ್ತೇವೆ, ಅಲ್ವಾ?

ಅಲ್ಲಿ ಸ್ವಯಂಸೇವಕರು ಮಾಡುವ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಒಂದು ದೊಡ್ಡ ಮರ. ಬುಡದಲ್ಲಿ ಮುಂಗೈ ದಪ್ಪದ ಬಳ್ಳಿಗಳು ಒಂದರ ಮೇಲೊಂದು ಹೆಣೆದುಕೊಂಡಿವೆ. ಸಣ್ಣ ಸಣ್ಣ ಬೇರುಗಳಿಂದ ತೊಗಟೆಯನ್ನು ಕಚ್ಚಿ ಹಿಡಿದಿವೆ. ಕೆಲಸ ಮಾಡುವವರು ಬಳ್ಳಿಯನ್ನು ಎದೆಮಟ್ಟಕ್ಕೆ ಒಮ್ಮೆ, ಬುಡದಲ್ಲಿ ಒಮ್ಮೆ ಗರಗಸದಿಂದ ಕೊಯ್ಯುತ್ತಾರೆ. ನಡುವಿನ ತುಂಡನ್ನು ತೊಗಟೆಗೆ ಪೆಟ್ಟಾಗದ ಹಾಗೆ ಮೆಲ್ಲಗೆ ಎಬ್ಬಿಸುತ್ತಾರೆ. ಮರದ ಸುತ್ತ ಕಾಂಡ ಬರಿದಾಗಿ ಕಾಣುವ ಒಂದು ಪಟ್ಟಿ ಮೂಡುತ್ತದೆ. ಮೇಲಿನ ಬಳ್ಳಿಯನ್ನು ಯಾರೂ ಎಳೆಯುವುದಿಲ್ಲ. ಎಳೆದರೆ ಒಣಕೊಂಬೆ ತಲೆ ಮೇಲೆ ಬೀಳಬಹುದು. ಬುಡ ತಪ್ಪಿದ ಬಳ್ಳಿ ಅಲ್ಲೇ ಬಾಡಿ ಒಣಗುತ್ತದೆ. ಆಮೇಲೆ ಮರದ ಸುತ್ತಲಿನ ನೆಲದ ಬಳ್ಳಿಯನ್ನು ಬೇರುಸಮೇತ ಕಿತ್ತು, ಚಾಪೆ ಸುತ್ತಿದ ಹಾಗೆ ಸುತ್ತಿಕೊಂಡು ಹೋಗುತ್ತಾರೆ. 1994ರಿಂದ ಅಲ್ಲಿ ಇದಕ್ಕೆಂದೇ ಒಂದು ತಂಡ ಕೆಲಸ ಶುರುಮಾಡಿತು.

ಒಂದು ಮರಕ್ಕೆ ಇಷ್ಟು ಕೆಲಸ. ಆದರೆ ಇದು ಅರ್ಧ ಕೆಲಸವೂ ಅಲ್ಲ. ಮಣ್ಣಲ್ಲಿ ಉಳಿದ ಒಂದು ತುಂಡು ಬೇರಿನಿಂದಲೂ ಬಳ್ಳಿ ಚಿಗುರಬಲ್ಲದು. ಅದೇ ಮರದ ಬುಡಕ್ಕೆ ಮುಂದಿನ ವರ್ಷವೂ ಯಾರಾದರೂ ಬಂದು ಮಂಡಿಯೂರಿ ನೋಡಬೇಕು. ಅದರ ಮುಂದಿನ ವರ್ಷವೂ ಬರಬೇಕು. ಒಂದು ಭಾನುವಾರ ಸಾವಿರ ಜನ ಬಂದು ಫೋಟೋ ತೆಗೆಸಿಕೊಂಡು ಹೋದರೆ ಕಾಡಿಗೆ ಅಷ್ಟೇನೂ ಲಾಭವಿಲ್ಲ. ಹತ್ತು ಜನ ಹತ್ತು ವರ್ಷ ಬಂದರೆ ಕಾಡು ಬದಲಾಗುತ್ತದೆ.

ಇದನ್ನು ಮಾಡಿ ತೋರಿಸಿದ ಇಬ್ಬರು ಅಕ್ಕತಂಗಿಯರ ವಿಷಯ ನನಗೆ ತುಂಬ ಇಷ್ಟ. ಜೋನ್ ಬ್ರಾಡ್ಲಿ ಮತ್ತು ಐಲೀನ್ ಬ್ರಾಡ್ಲಿ. ಆಸ್ಟ್ರೇಲಿಯಾದ ಸಿಡ್ನಿ ನಗರದ ಬಂದರಿನ ಅಂಚಿನಲ್ಲಿ, ಆಶ್ಟನ್ ಪಾರ್ಕ್ ಎಂಬ ಕಡೆ 1960ರ ದಶಕದಲ್ಲಿ ಇಬ್ಬರೂ ವಾಕಿಂಗ್ ಹೋಗುತ್ತಿದ್ದರು. ಆಗ ಕಳೆ ತೆಗೆಯುವುದು ಅಂದರೆ ಕತ್ತಿಯಿಂದ ಸವರಿ ಬಯಲು ಮಾಡುವುದು. ಸವರಿದ ಕಡೆ ಮತ್ತೆ ಅದೇ ಕಳೆ, ಮೊದಲಿಗಿಂತ ಜೋರಾಗಿ ಬರುತ್ತಿತ್ತು. ಇವರಿಬ್ಬರೂ ಅದನ್ನು ಗಮನಿಸಿದರು. ನಡೆಯುತ್ತಾ ಹೋಗುವಾಗ ಅಲ್ಲೊಂದು ಇಲ್ಲೊಂದು ಕಳೆಯನ್ನು ಕೈಯಿಂದಲೇ ಕೀಳುತ್ತಾ ಹೋದರು. ದಿನಕ್ಕೆ ಒಂದು ಗಂಟೆಗೂ ಕಡಿಮೆ ಹೊತ್ತು. ವರ್ಷಗಳು ಕಳೆದಂತೆ ಅಲ್ಲಿನ ನೆಲದ ಗಿಡಗಳು ತಾವಾಗಿಯೇ ವಾಪಸ್ ಬಂದವು.

ಅವರು ಕಂಡುಕೊಂಡ ಸೂತ್ರ ಕೇಳಲು ಸರಳ, ಪಾಲಿಸಲು ಕಷ್ಟ. ಎಲ್ಲಿ ಕಾಡು ಇನ್ನೂ ಚೆನ್ನಾಗಿದೆಯೋ ಅಲ್ಲಿಂದ ಕೆಲಸ ಶುರುಮಾಡಿ. ಹದಗೆಟ್ಟ ಕಡೆಗೆ ಮೆಲ್ಲಗೆ ಸಾಗಿ. ಮಣ್ಣನ್ನು ಆದಷ್ಟು ಕೆದಕಬೇಡಿ. ಕಳೆ ಕಿತ್ತ ಜಾಗಕ್ಕೆ ತರಗೆಲೆಯನ್ನು ಮತ್ತೆ ಎಳೆದು ಮುಚ್ಚಿ. ಆ ನೆಲದ ಗಿಡಗಳು ಎಷ್ಟು ಬೇಗ ಬೆಳೆದು ಜಾಗ ತುಂಬುತ್ತವೋ ಅಷ್ಟೇ ವೇಗದಲ್ಲಿ ಮುಂದೆ ಹೋಗಿ, ಅದಕ್ಕಿಂತ ಜೋರಾಗಿ ಹೋಗಬೇಡಿ.

ನಮಗೆ ಅನಿಸುವುದು ಇದಕ್ಕೆ ತದ್ವಿರುದ್ಧ. ಎಲ್ಲಿ ಲಂಟಾನ ದಟ್ಟವಾಗಿ ಬೆಳೆದು ನಿಂತಿದೆಯೋ ಅಲ್ಲಿಗೇ ಮೊದಲು ನುಗ್ಗೋಣ ಅನಿಸುತ್ತದೆ. ಕೆಲಸ ಆಯಿತು ಅಂತ ಕಣ್ಣಿಗೆ ಕಾಣುತ್ತದೆ, ಅದೇ ಕಾರಣ. ಆದರೆ ಒಂದೇ ಸಲ ತೆರವಾದ ಬೋಳು ನೆಲಕ್ಕೆ ಬಿಸಿಲು ಬಿದ್ದರೆ ಮಣ್ಣಲ್ಲಿ ಮಲಗಿದ್ದ ಕಳೆಯ ಬೀಜಗಳೇ ಮೊದಲು ಏಳುತ್ತವೆ. ಚೆನ್ನಾಗಿರುವ ಕಾಡಿನ ಅಂಚಿನಲ್ಲಿ ಕೆಲಸ ಮಾಡಿದರೆ ಹಾಗಾಗುವುದಿಲ್ಲ. ಅಲ್ಲಿ ಒಳ್ಳೆಯ ಬೀಜ ಪಕ್ಕದಲ್ಲೇ ಇದೆ, ನೆರಳಿದೆ, ತರಗೆಲೆ ಇದೆ. ನೀವು ಜಾಗ ಬಿಡಿಸಿಕೊಟ್ಟರೆ ಸಾಕು.

ಹಾಗಿದ್ದರೆ ಗಿಡ ನೆಡುವುದು ಬೇಡವೇ? ಬೇಕಾದ ಕಡೆ ಬೇಕು. ಮಣ್ಣಲ್ಲಿ ಬೀಜವೂ ಉಳಿದಿಲ್ಲ, ಹತ್ತಿರ ತಾಯಿಮರವೂ ಇಲ್ಲ ಅಂದರೆ ನೆಡಲೇಬೇಕು. ಬೀಜ ಬಿದ್ದಿರುವ, ತಾನಾಗಿ ಮೊಳೆತ ಸಸಿಗಳು ಇರುವ ಕಡೆ ಗುಂಡಿ ತೋಡಿ ನರ್ಸರಿ ಗಿಡ ತಂದು ಹಾಕುವುದು ಮಾತ್ರ ದುಡ್ಡು ಮತ್ತು ಶ್ರಮ ಎರಡೂ ದಂಡ. ಎಷ್ಟು ಗಿಡ ನೆಟ್ಟೆವು ಎಂಬ ಲೆಕ್ಕ ಎಲ್ಲರ ಬಳಿಯೂ ಇರುತ್ತದೆ. ಮೂರು ವರ್ಷದ ಮೇಲೆ ಎಷ್ಟು ಬದುಕಿವೆ ಎಂಬ ಲೆಕ್ಕ ಕೇಳಿ. ನಿಜವಾಗಿ ನೋಡಿಕೊಳ್ಳುತ್ತಿರುವವರು ಯಾರು ಎಂಬುದು ಅದರಲ್ಲಿ ಗೊತ್ತಾಗುತ್ತದೆ.

ನೆಟ್ಟು ಬೆಳೆಸಿದ ಕಾಡಿಗೆ ದೊಡ್ಡ ಉದಾಹರಣೆ ಬ್ರೆಜಿಲ್‌ನ ರಿಯೊ ಡಿ ಜನೈರೊ ನಗರದ ನಡುವಿರುವ ತಿಜುಕಾ. ಕಾಫಿ ತೋಟಕ್ಕೆಂದು ಬೆಟ್ಟದ ಕಾಡು ಕಡಿದರು. ಹೊಳೆಗಳು ಬತ್ತಿದವು, ನಗರಕ್ಕೆ ನೀರಿನ ಕೊರತೆ ಬಂತು. ಆಗ 1861ರಲ್ಲಿ ಚಕ್ರವರ್ತಿ ಎರಡನೇ ಪೆಡ್ರೊ ಆ ಜಾಗವನ್ನು ಮತ್ತೆ ಕಾಡು ಮಾಡಲು ಆಜ್ಞೆ ಹೊರಡಿಸಿದ. ಮೇಜರ್ ಆರ್ಚರ್ ಎಂಬ ಅಧಿಕಾರಿಯ ಉಸ್ತುವಾರಿಯಲ್ಲಿ ಹದಿಮೂರು ವರ್ಷಗಳಲ್ಲಿ ಲಕ್ಷದ ಹತ್ತಿರ ಮರ ನೆಟ್ಟರು ಎಂದು ಲೆಕ್ಕವಿದೆ. ಗುಂಡಿ ತೋಡಿದವರಲ್ಲಿ ಗುಲಾಮರಾಗಿದ್ದವರು ಇದ್ದರು. ಮೆಚ್ಚುಗೆಯೆಲ್ಲ ಮೇಜರ್‌ಗೆ ಸಂದಿತು. ದುಡಿಯುವವರಿಗೆ ಮಾತಿಲ್ಲದ ಕಾಡಿನ ಕೆಲಸ ಹೇಗಿರುತ್ತದೆ ಎಂಬುದಕ್ಕೆ ಇದಕ್ಕಿಂತ ಕಟುವಾದ ಉದಾಹರಣೆ ನನಗೆ ಗೊತ್ತಿಲ್ಲ.

ಕಾಡೇನೋ ಎದ್ದು ನಿಂತಿತು. ಆದರೆ ಒಳಗೆ ಪ್ರಾಣಿಗಳು ಇರಲಿಲ್ಲ. ದೊಡ್ಡ ಬೀಜದ ಹಣ್ಣುಗಳು ಮರದಡಿಯೇ ಬಿದ್ದು ಕೊಳೆಯುತ್ತಿದ್ದವು. ಅವುಗಳನ್ನು ದೂರ ಒಯ್ಯುವವರೇ ಇಲ್ಲ. ಹಾಗಾಗಿ 2010ರಿಂದ ಅಲ್ಲಿ ಅಗೂಟಿ ಎಂಬ ಪ್ರಾಣಿಯನ್ನು ಮತ್ತೆ ತಂದು ಬಿಟ್ಟರು. ಮೊಲದ ಗಾತ್ರದ, ಇಲಿ ಜಾತಿಯ ಪ್ರಾಣಿ. ಸಿಕ್ಕ ಬೀಜವನ್ನು ಆಮೇಲೆ ತಿನ್ನೋಣ ಎಂದು ಅಲ್ಲಲ್ಲಿ ಮಣ್ಣಲ್ಲಿ ಹೂತಿಡುತ್ತದೆ. ಮರೆತ ಬೀಜ ಮೊಳೆಯುತ್ತದೆ. 2015ರಲ್ಲಿ ಹೌಲರ್ ಕೋತಿಗಳು ಬಂದವು. ಕೋತಿಯ ಲದ್ದಿಯನ್ನು ಸಗಣಿಹುಳು ಉರುಳಿಸಿಕೊಂಡು ಹೋಗಿ ಹೂಳುತ್ತದೆ. ಅದರೊಳಗಿನ ಬೀಜವೂ ಮಣ್ಣು ಸೇರುತ್ತದೆ. ನೂರೈವತ್ತು ವರ್ಷದ ಹಿಂದೆ ನೆಟ್ಟ ಕಾಡಿನ ಕೆಲಸ ಇನ್ನೂ ಮುಗಿದಿಲ್ಲ ನೋಡಿ.

ಇನ್ನೊಂದು ಮಾತು ಪದೇ ಪದೇ ಕೇಳುತ್ತೇವೆ. ಕಾಡನ್ನು ಸುಮ್ನೆ ಬಿಟ್ಟುಬಿಡಿ, ಮನುಷ್ಯರು ಕೈ ಹಾಕದಿದ್ದರೆ ಅದೇ ಸರಿಹೋಗುತ್ತದೆ ಅಂತ. ಕೆಲವು ಕಡೆ ನಿಜ. ಎಲ್ಲಾ ಕಡೆಯೂ ಅಲ್ಲ. ಲಂಡನ್ ಪಕ್ಕದ ಎಪಿಂಗ್ ಕಾಡಿನಲ್ಲಿ ಊರಿನವರಿಗೆ ಚಳಿಗಾಲದಲ್ಲಿ ಸೌದೆಗೆ ರೆಂಬೆ ಸವರುವ ಹಕ್ಕಿತ್ತು. ಮರವನ್ನು ಆಳೆತ್ತರಕ್ಕಿಂತ ಮೇಲೆ ಸವರುತ್ತಿದ್ದರು. ಮತ್ತೆ ಚಿಗುರಿದ್ದನ್ನು ಕೆಲವು ವರ್ಷ ಬಿಟ್ಟು ಮತ್ತೆ ಸವರುತ್ತಿದ್ದರು. ಜಮೀನ್ದಾರರು ಬೇಲಿ ಹಾಕಿಕೊಂಡಾಗ ಲೌಟನ್ ಊರಿನವರು ಹಕ್ಕು ಬಿಡಲಿಲ್ಲ, ಬೇಲಿ ದಾಟಿ ಹೋಗಿ ಸವರಿದರು. ಅದಕ್ಕಾಗಿ ಜೈಲಿಗೂ ಹೋದರು. ಕಬಳಿಕೆ ನಿಂತು, 1878ರಲ್ಲಿ ಆ ಕಾಡಿಗೆಂದೇ ಕಾಯ್ದೆ ಬಂದದ್ದರ ಹಿಂದೆ ಈ ಬಡ ಸೌದೆಗಾರರ ಹಟವೂ ಇದೆ.

ಬೇಸರದ ಸಂಗತಿ ಏನೆಂದರೆ, ಕಾಯ್ದೆ ಬಂದ ಮೇಲೆ ಅವರಿಗೆ ಪರಿಹಾರ ಕೊಟ್ಟು ಸವರುವ ಹಕ್ಕನ್ನೇ ತೆಗೆದರು. ಸವರದೆ ಬಿಟ್ಟ ಹಳೆಯ ಮರಗಳ ಕೊಂಬೆಗಳು ಭಾರವಾದವು. ನೆತ್ತಿ ದಟ್ಟವಾಗಿ ಕೆಳಗೆ ಕತ್ತಲಾಯಿತು. ಬಿಸಿಲು ಬೇಕಾದ ಗಿಡಹೂಗಳು, ಹುಲ್ಲುಗಾವಲಿನ ತುಂಡುಗಳು ಕಡಿಮೆಯಾದವು. ಈಗ ಅಲ್ಲಿ ಮತ್ತೆ ಮರ ಸವರುತ್ತಾರೆ, ದನ ಮೇಯಿಸುತ್ತಾರೆ. ಶತಮಾನಗಳಿಂದ ಜನರ ಕೈಯಲ್ಲಿ ಬೆಳೆದ ಕಾಡಿಗೆ ಜನರ ಕೈ ತಪ್ಪಿದ್ದೇ ಪೆಟ್ಟಾಯಿತು. ಯಾವ ಕಾಡಿಗೆ ಯಾವ ಆರೈಕೆ ಬೇಕು ಎಂಬುದು ಅಲ್ಲೇ ಓಡಾಡಿದವರಿಗೆ ಗೊತ್ತಿರುತ್ತದೆ. ಆ ತಿಳಿವಳಿಕೆಯನ್ನು ಕೇಳಿಸಿಕೊಳ್ಳುವ ವ್ಯವಸ್ಥೆ ಇರಬೇಕು.

ಇಲ್ಲಿ ಅಮೆರಿಕದ ಸಂಶೋಧಕಿ ಎಲಿನಾರ್ ಆಸ್ಟ್ರಮ್ ಅವರ ಹೆಸರು ಹೇಳಲೇಬೇಕು. ಎಲ್ಲರಿಗೂ ಸೇರಿದ ಜಾಗವನ್ನು ಎಲ್ಲರೂ ಸೇರಿ ಹಾಳು ಮಾಡುತ್ತಾರೆ, ಸರ್ಕಾರ ಹಿಡಿದಿಡಬೇಕು ಇಲ್ಲವೇ ಖಾಸಗಿಗೆ ಕೊಡಬೇಕು ಎಂಬ ವಾದ 1968ರಿಂದ ತುಂಬ ಓಡುತ್ತಿತ್ತು. ಆಸ್ಟ್ರಮ್ ಮೀನುಗಾರರು, ನೀರಾವರಿ ಕಾಲುವೆಯ ರೈತರು, ಬೆಟ್ಟದ ಹುಲ್ಲುಗಾವಲು ಹಂಚಿಕೊಂಡ ಹಳ್ಳಿಗಳನ್ನೆಲ್ಲ ನೋಡಿ, ಮೂರನೇ ದಾರಿಯೂ ಇದೆ ಎಂದು ತೋರಿಸಿದರು. ತಮ್ಮ ನಿಯಮ ತಾವೇ ಮಾಡಿಕೊಂಡು, ತಾವೇ ಕಾವಲು ಕಾದು, ತಪ್ಪಿದವರಿಗೆ ಮೊದಲು ಸಣ್ಣ ದಂಡ, ಆಮೇಲೆ ದೊಡ್ಡದು ಎಂದು ಜನ ನೂರಾರು ವರ್ಷ ನಡೆಸಿಕೊಂಡು ಬಂದಿದ್ದಾರೆ. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮೊದಲ ಮಹಿಳೆ ಅವರು.

ಕಾಡುಗಳ ಬಗ್ಗೆ ಅವರು ಪರಿಸರ ವಿಜ್ಞಾನಿ ಹರಿಣಿ ನಾಗೇಂದ್ರ ಜೊತೆ ಸೇರಿ 2006ರಲ್ಲಿ ಬರೆದ ಸಂಶೋಧನೆ ನಮ್ಮ ವಿಷಯಕ್ಕೆ ಇನ್ನೂ ಹತ್ತಿರ. ಕಾಡು ಯಾರ ಹೆಸರಲ್ಲಿದೆ ಎನ್ನುವುದೊಂದೇ ಅದರ ಸ್ಥಿತಿಯನ್ನು ತೀರ್ಮಾನಿಸುವುದಿಲ್ಲ. ಬಳಸುವ ಜನ ತಾವೇ ಅದರ ಮೇಲೆ ಕಣ್ಣಿಟ್ಟಿದ್ದಾರೆಯೇ, ನಿಯಮ ಮಾಡುವಾಗ ಅವರನ್ನು ಕೇಳಿದ್ದಾರೆಯೇ ಎನ್ನುವುದು ತುಂಬ ಮುಖ್ಯ ಎಂದು ಅವರಿಗೆ ಕಂಡಿತು. ಇದರಲ್ಲಿ ಆಶ್ಚರ್ಯವಿಲ್ಲ. ತಾನೂ ಕೂತು ಒಪ್ಪಿದ ನಿಯಮವನ್ನು ಮನುಷ್ಯ ಕಾಯುತ್ತಾನೆ. ಮೇಲಿನಿಂದ ಬಂದ ಬೋರ್ಡನ್ನು ಓದಿಕೊಂಡು ಪಕ್ಕದಲ್ಲೇ ಹಾದುಹೋಗುತ್ತಾನೆ.

ಹಾಗೆಂದು ಜನರ ಸಂಘದ ಕೈಗೆ ಕೊಟ್ಟರೆ ಎಲ್ಲಾ ಸರಿ ಎಂದು ಹೇಳುತ್ತಿಲ್ಲ. ಜನ ಅಂದರೆ ಯಾರು ಎಂಬ ಪ್ರಶ್ನೆ ಇದ್ದೇ ಇರುತ್ತದೆ. ಇಂಗ್ಲಿಷ್ ಮಾತಾಡುವ, ಕಾರಿನಲ್ಲಿ ಬಂದು ವಾಕಿಂಗ್ ಮಾಡುವವರಷ್ಟೇ ಸಮಿತಿಯಲ್ಲಿ ಕೂತರೆ, ಪುಳ್ಳೆ ಆಯಲು ಬರುವ ಹೆಂಗಸು ಒಂದು ದಿನ ಇದ್ದಕ್ಕಿದ್ದಂತೆ ಕಳ್ಳಿಯಾಗುತ್ತಾಳೆ. ಲೆಕ್ಕಪತ್ರ ತೆರೆದಿಡದ ಸಂಘವನ್ನು ಸರ್ಕಾರ ಪ್ರಶ್ನಿಸಿದರೆ ಅದು ಸರಿಯೇ. ಸಾರ್ವಜನಿಕ ದುಡ್ಡಿಗೆ ಸಾರ್ವಜನಿಕ ಲೆಕ್ಕ ಬೇಕು. ಸ್ವಯಂಸೇವಕರು ಇದ್ದಾರಲ್ಲ ಎಂದು ಇಲಾಖೆ ತನ್ನ ಸಿಬ್ಬಂದಿಯನ್ನು ಕಡಿಮೆ ಮಾಡುವುದೂ ಇದೆ. ಇದು ಎಲ್ಲಕ್ಕಿಂತ ಕೆಟ್ಟದ್ದು. ಬೆಂಕಿ ಬಿದ್ದಾಗ, ಮರಗಳ್ಳರು ಬಂದಾಗ ಮುಂದೆ ನಿಲ್ಲಬೇಕಾದದ್ದು ಸರ್ಕಾರವೇ. ಅದನ್ನು ವಾರದ ರಜೆಯಲ್ಲಿ ಬರುವ ಮೇಷ್ಟ್ರು, ನರ್ಸ್, ವಿದ್ಯಾರ್ಥಿಗಳ ತಲೆಗೆ ಕಟ್ಟಬಾರದು.

ಆದ್ದರಿಂದ ಕರೂರಾದ ಗೇಟಿನ ದುಡ್ಡು ಸಣ್ಣ ವಿಷಯ ಅಲ್ಲ. ದುಡ್ಡು ಕಾಡಿನಲ್ಲೇ ಉಳಿದರೆ ಬೇಲಿಯ ತಂತಿ ಹರಿದ ವಾರವೇ ರಿಪೇರಿಯಾಗುತ್ತದೆ, ಕಾವಲಿನ ಹುಡುಗನಿಗೆ ತಿಂಗಳಿಗೆ ಸರಿಯಾಗಿ ಸಂಬಳ ಸಿಗುತ್ತದೆ. ದೊಡ್ಡ ಖಜಾನೆಗೆ ಹೋಗಿ ವಾಪಸ್ ಬರಬೇಕು ಅಂದರೆ ಅಷ್ಟರೊಳಗೆ ಬೇಲಿ ತೂತು ದೊಡ್ಡದಾಗಿರುತ್ತದೆ. ನನ್ನ ಅಭಿಪ್ರಾಯ ಕೇಳಿದರೆ, ಖಾತೆ ಜಂಟಿಯಾಗಿರಲಿ, ಲೆಕ್ಕ ಗೇಟಿನ ಬೋರ್ಡಿನ ಮೇಲೆ ಪ್ರತಿ ವರ್ಷ ಬರೆದಿರಲಿ, ಖರ್ಚಿನ ತೀರ್ಮಾನ ಕಾಡಿನಲ್ಲಿ ಕೆಲಸ ಮಾಡುವವರ ಸಭೆಯಲ್ಲಿ ಆಗಲಿ. ಒಪ್ಪಂದದಲ್ಲಿ ಇದಿಷ್ಟನ್ನೂ ಬರೆದುಕೊಳ್ಳಬೇಕು. ಅಧಿಕಾರಿ ಬದಲಾದ ಕೂಡಲೇ ಬದಲಾಗುವ ಬಾಯಿಮಾತಿನ ಸ್ನೇಹವನ್ನು ನಂಬಿ ಹತ್ತು ವರ್ಷದ ಕೆಲಸ ಮಾಡಲು ಆಗುವುದಿಲ್ಲ.

ಮಾತಿನ ಹಕ್ಕು ಇದ್ದರೆ ಏನಾಗುತ್ತದೆ ಎಂಬುದಕ್ಕೆ ಮತ್ತೆ ಪೋರ್ಟ್‌ಲ್ಯಾಂಡ್‌ಗೆ ಬರೋಣ. ವಿದ್ಯುತ್ ಮಾರ್ಗಕ್ಕಾಗಿ ಫಾರೆಸ್ಟ್ ಪಾರ್ಕಿನ ಐದು ಎಕರೆಯಷ್ಟು ಕಾಡು ಕಡಿಯುವ ಯೋಜನೆಗೆ 2025ರಲ್ಲಿ ಮೊದಲ ಹಂತದ ಒಪ್ಪಿಗೆ ಸಿಕ್ಕಿತು. ಮೇಲ್ಮನವಿ ಹಾಕಿದವರು ಬೇರೆ ಯಾರೂ ಅಲ್ಲ, ಆ ಕಾಡಿನ ಆರೈಕೆಗೆಂದೇ ಇರುವ ಸಂಸ್ಥೆ ಮತ್ತು ನೆರೆಹೊರೆಯ ಸಂಘ. ಅವರ ಮಾತು ಕೇಳಿ ನಗರಸಭೆ ಯೋಜನೆಯನ್ನು ತಿರಸ್ಕರಿಸಿತು. ಎರಡೂ ಕಡೆ ವಾದವಿತ್ತು, ವಿದ್ಯುತ್ ಕೂಡ ನಗರಕ್ಕೆ ಬೇಕಾದದ್ದೇ. ಆದರೆ ಕಾಡಿನ ಪರವಾಗಿ ಎದ್ದು ನಿಂತವರಿಗೆ ಆ ನೆಲದ ಪರಿಚಯವಿತ್ತು. ಮೇಲ್ಮನವಿ ಹಾಕಲು ಕಾನೂನಿನಲ್ಲಿ ಜಾಗವೂ ಇತ್ತು.

ನಿಮ್ಮ ಹತ್ತಿರದ ಕಾಡಿಗೆ ಹೀಗೊಂದು ತಂಡ ಕಟ್ಟುವ ಯೋಚನೆ ಇದ್ದರೆ, ಮೊದಲ ದಿನ ಗುದ್ದಲಿ ಬೇಡ. ಇಲಾಖೆಯ ಅನುಮತಿ ತೆಗೆದುಕೊಳ್ಳಿ. ಗಿಡ ಗುರುತಿಸಲು ಬರುವ ಒಬ್ಬರನ್ನು ಕರೆದುಕೊಂಡು ಸುಮ್ನೆ ನಡೆಯಿರಿ. ಕಳೆಯ ಸಸಿ ಯಾವುದು, ಕಾಡಿನ ಸಸಿ ಯಾವುದು ಎಂದು ಗೊತ್ತಾಗದೆ ಒಂದನ್ನೂ ಕೀಳಬೇಡಿ. ಮಳೆ ಬಂದ ಮರುದಿನ ಹೋಗಿ ನೋಡಿ. ಜನ ಅಡ್ಡದಾರಿ ಮಾಡಿಕೊಂಡ ಕಡೆ ಮಣ್ಣು ಕಾಲ್ತುಳಿತಕ್ಕೆ ಗಟ್ಟಿಯಾಗಿ, ನೀರು ಇಂಗದೆ ಅದೇ ದಾರಿಯಲ್ಲಿ ಹರಿದು ಕೊರಕಲು ಮಾಡಿರುತ್ತದೆ. ಬಿದ್ದ ಕೊಂಬೆಗಳನ್ನು ಆ ಅಡ್ಡದಾರಿಗೆ ಅಡ್ಡಲಾಗಿ ಹಾಕಿದರೆ ನಡೆಯುವವರು ಕಡಿಮೆಯಾಗುತ್ತಾರೆ. ನೀರೂ ಅಲ್ಲಲ್ಲಿ ತಡೆದು ನಿಂತು ಇಂಗುತ್ತದೆ.

ಒಂದು ನೋಟ್‌ಬುಕ್ ಇಡಿ. ತಾರೀಕು, ಎಷ್ಟು ಜನ ಬಂದರು, ಯಾವ ಮರದಿಂದ ಯಾವ ಬಂಡೆಯವರೆಗೆ ಕೆಲಸವಾಯಿತು, ಏನು ಕಿತ್ತಿರಿ, ಕಿತ್ತ ಜಾಗದಲ್ಲಿ ಮುಂದಿನ ಸಲ ಏನು ಮೊಳೆತಿತ್ತು ಎಂದು ಬರೆಯಿರಿ. ಎರಡು ಮಳೆಗಾಲ ದಾಟಿದ ಮೇಲೆ ಇಲಾಖೆಯ ಸಭೆಗೆ ಹೋಗುವಾಗ ಆ ನೋಟ್‌ಬುಕ್ಕನ್ನು ಜೊತೆಗೆ ಒಯ್ಯಿರಿ.